ಎಸ್‌ಜಿಪಿಟಿ ಏರಿದೆ ಅಂದ್ರೆ ಕುಡುಕ ಅಂತಲ್ಲ: ಲಿವರ್ ಕಾಯಿಲೆಯ ಬೆನ್ನು ಹತ್ತಿದವರ ಕಥೆ

ರಕ್ತ ಪರೀಕ್ಷೆಯ ರಿಪೋರ್ಟ್ ಈಗ ನೇರ ಮೊಬೈಲ್‌ಗೇ ಬರುತ್ತದೆ. ಲಿವರ್ ಫಂಕ್ಷನ್ ಟೆಸ್ಟ್ ಅಂತ ಮೇಲೆ ಬರೆದಿರುತ್ತದೆ. ಕೆಳಗೆ ಬಿಲಿರುಬಿನ್, ಎಸ್‌ಜಿಒಟಿ, ಎಸ್‌ಜಿಪಿಟಿ ಅಂತ ಸಾಲು ಸಾಲು ಹೆಸರು. ಯಾವುದಾದರೂ ಒಂದು ಅಂಕಿ ದಪ್ಪ ಅಕ್ಷರದಲ್ಲಿದ್ದರೆ ಮನೆಯವರ ಎದೆ ಧಸಕ್ ಅನ್ನುತ್ತದೆ. ಡಾಕ್ಟರ್ ಹತ್ತಿರ ಹೋಗುವ ಮೊದಲೇ ಓಣಿಯಲ್ಲಿ ತೀರ್ಪು ಬಂದಿರುತ್ತದೆ. ಗಂಡಸಾದರೆ "ಕುಡಿತಾನೆ ಕಣ್ರೀ" ಅಂತ. ಹೆಂಗಸಾದರೆ "ಏನೋ ಕಾಮಾಲೆ ಇರಬೇಕು, ಇಂಥ ಊರಲ್ಲಿ ಎಲೆಮದ್ದು ಕೊಡ್ತಾರೆ, ಹೋಗಿ ಬಾ" ಅಂತ.

ಜಿಲ್ಲೆಯಲ್ಲಿ ಸುದ್ದಿಗಾಗಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಅಂತ ಓಡಾಡುವ ನಮ್ಮಂಥವರಿಗೆ ಈ ಎರಡೂ ಮಾತು ಕೇಳಿ ಕೇಳಿ ರೂಢಿಯಾಗಿದೆ. ಒಂದು ಹನಿ ಮುಟ್ಟದವನೂ ಕುಡುಕನ ಪಟ್ಟ ಕಟ್ಟಿಕೊಳ್ಳುತ್ತಾನೆ. ಆ ನಾಚಿಕೆಗೆ ಎರಡನೇ ಸಲ ಟೆಸ್ಟ್ ಮಾಡಿಸುವುದಿಲ್ಲ. ಕಾರಣ ಪತ್ತೆಯಾಗದೆ ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಲಿವರ್ ಯಾಕೆ ಕೆಟ್ಟಿತು ಅನ್ನುವ ಪ್ರಶ್ನೆಗೆ ಉತ್ತರ ಹುಡುಕಲು ವೈದ್ಯರು ಎಷ್ಟು ವರ್ಷ ತೆಗೆದುಕೊಂಡರು, ಎಲ್ಲೆಲ್ಲಿ ಅಲೆದರು ಅನ್ನುವುದು ದೊಡ್ಡ ಕಥೆ. ಅದರಲ್ಲಿ ಬಹುಪಾಲು ನಮ್ಮ ದೇಶದ ಹಳ್ಳಿ ಮತ್ತು ಊರುಗಳಲ್ಲೇ ನಡೆದದ್ದು. ನದಿ ನೀರು, ಮೆಕ್ಕೆಜೋಳ, ಸಾವೆ ಅಕ್ಕಿ, ಹಿತ್ತಾಳೆ ಪಾತ್ರೆ ಎಲ್ಲವೂ ಈ ಕಥೆಯಲ್ಲಿ ಬರುತ್ತವೆ.

ಹೃದಯ ನೋಡಲು ಹೋಗಿ ಲಿವರ್ ಸಿಕ್ಕಿತು

ಕಾಮಾಲೆ ಹೊಸ ಕಾಯಿಲೆಯಲ್ಲ. ಕಣ್ಣು ಹಳದಿ, ಮೂತ್ರ ಹಳದಿ ಆದರೆ ಅದು ಕಾಮಾಲೆ ಅಂತ ನಮ್ಮ ಹಿರಿಯರಿಗೂ ಗೊತ್ತಿತ್ತು. ಉತ್ತರ ಕರ್ನಾಟಕದಲ್ಲಿ ಕಾಮಣಿ ಅನ್ನುತ್ತಾರೆ. ಹಳದಿ ಬಣ್ಣ ಕೊಡುವ ವಸ್ತುವೇ ಬಿಲಿರುಬಿನ್. ಹಳೆಯ ಕೆಂಪು ರಕ್ತಕಣ ಒಡೆದಾಗ ಅದು ಹುಟ್ಟುತ್ತದೆ. ಅದನ್ನು ಸೋಸಿ ಪಿತ್ತದ ಮೂಲಕ ಹೊರಗೆ ಹಾಕುವುದು ಲಿವರ್ ಕೆಲಸ. ಜರ್ಮನಿಯ ಪೌಲ್ ಎರ್ಲಿಖ್ 1883ರಲ್ಲಿ ಬಿಲಿರುಬಿನ್ ಗುರುತಿಸುವ ರಾಸಾಯನಿಕ ವಿಧಾನ ಕಂಡುಹಿಡಿದರು. ಮುಂದೆ ಹಾಲೆಂಡಿನ ವಾನ್ ಡೆನ್ ಬರ್ಗ್ ಅದನ್ನು ರಕ್ತ ಪರೀಕ್ಷೆಗೆ ಒಗ್ಗಿಸಿದರು. ಇವತ್ತಿನ ರಿಪೋರ್ಟಿನಲ್ಲಿ ಡೈರೆಕ್ಟ್, ಇನ್‌ಡೈರೆಕ್ಟ್ ಅಂತ ಎರಡು ಬಿಲಿರುಬಿನ್ ಬರುವುದು ಅವರ ಕೆಲಸದಿಂದಲೇ.

ಆದರೆ ಬಿಲಿರುಬಿನ್ ಒಂದೇ ಸಾಲುತ್ತಿರಲಿಲ್ಲ. ಲಿವರ್‌ಗೆ ಏಟು ಬಿದ್ದಿದ್ದರೂ ಕಣ್ಣು ಹಳದಿಯಾಗದ ರೋಗಿಗಳು ಬಹಳ ಜನ ಇರುತ್ತಾರೆ. ಅವರನ್ನು ಗುರುತಿಸುವುದು ಹೇಗೆ?

ಉತ್ತರ ಬಂದದ್ದು ಹೃದಯದ ಕಡೆಯಿಂದ. 1954ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಲಾಡ್ಯೂ, ಫೆಲಿಕ್ಸ್ ರೊಬ್ಲೆವ್‌ಸ್ಕಿ ಮತ್ತು ಆರ್ಥರ್ ಕಾರ್ಮೆನ್ ಎಂಬ ಮೂವರು ಹೃದಯಾಘಾತವಾದವರ ರಕ್ತದಲ್ಲಿ ಒಂದು ಕಿಣ್ವ ಏರುವುದನ್ನು ಕಂಡರು. ಅದೇ ಎಸ್‌ಜಿಒಟಿ. ಹೃದಯದ ಜೀವಕೋಶ ಒಡೆದಾಗ ಒಳಗಿದ್ದ ಕಿಣ್ವ ರಕ್ತಕ್ಕೆ ಸೋರುತ್ತದೆ. ಲಿವರ್ ಕೋಶ ಒಡೆದರೂ ಅದೇ ಕಿಣ್ವ ಸೋರುತ್ತದೆ ಅಂತ ಬೇಗನೇ ತಿಳಿಯಿತು. ಅದೇ ಹೊತ್ತಿಗೆ ಇಟಲಿಯ ನೇಪಲ್ಸ್‌ನಲ್ಲಿ ಫರ್ನಾಂಡೋ ದೆ ರಿತಿಸ್ ಮತ್ತು ಅವರ ಜೊತೆಗಾರರು ಕಾಮಾಲೆ ರೋಗಿಗಳಲ್ಲಿ ಈ ಕಿಣ್ವಗಳು ಏರುವುದನ್ನು ತೋರಿಸಿದರು. 1956ರಲ್ಲಿ ನ್ಯೂಯಾರ್ಕಿನವರು ಎಸ್‌ಜಿಪಿಟಿ ಬಗ್ಗೆಯೂ ಬರೆದರು. ಇದು ಲಿವರ್‌ನಲ್ಲೇ ಹೆಚ್ಚು ಇರುವ ಕಿಣ್ವ.

ಇಲ್ಲಿ ಒಂದು ಮಾತು ನೆನಪಿಡಿ. ಈ ಅಂಕಿ ಹೇಳುವುದು ಇಷ್ಟೇ: ಎಲ್ಲೋ ಕೋಶಗಳು ಒಡೆಯುತ್ತಿವೆ. ಮನೆಯ ಗೋಡೆ ಒದ್ದೆಯಾಗಿದೆ ಅಂದಹಾಗೆ. ಮಳೆ ನೀರೋ, ನಲ್ಲಿ ಪೈಪೋ, ಪಕ್ಕದ ಮನೆಯ ಬಚ್ಚಲೋ ಅಂತ ಒದ್ದೆ ಗೋಡೆ ಹೇಳುವುದಿಲ್ಲ. ಹುಡುಕಬೇಕು. ಎಸ್‌ಜಿಒಟಿಯಂತೂ ಮಾಂಸಖಂಡದಲ್ಲೂ ಇದೆ. ಅಭ್ಯಾಸವಿಲ್ಲದವನು ದಿನವಿಡೀ ಗುದ್ದಲಿ ಹಿಡಿದರೆ ಅದು ಒಂದಿಷ್ಟು ಏರಬಹುದು.

ದೆಹಲಿಯ ನಲ್ಲಿಯಲ್ಲಿ ಬಂದ ಕಾಮಾಲೆ

ಅಂಕಿ ಅಳೆಯುವ ವಿಧಾನ ಸಿಕ್ಕ ಅದೇ ಹೊತ್ತಿಗೆ ನಮ್ಮ ರಾಜಧಾನಿಯಲ್ಲಿ ದೊಡ್ಡ ಅನಾಹುತವಾಯಿತು.

1955ರಲ್ಲಿ ಯಮುನಾ ನದಿಗೆ ಪ್ರವಾಹ ಬಂತು. ಪ್ರವಾಹ ಇಳಿದ ಮೇಲೆ ನದಿ ತನ್ನ ಹರಿವಿನ ದಾರಿ ಬದಲಿಸಿತು. ದೆಹಲಿಗೆ ಕುಡಿಯುವ ನೀರು ಎತ್ತುತ್ತಿದ್ದ ವಜೀರಾಬಾದ್ ಪಂಪಿಂಗ್ ಸ್ಟೇಷನ್ ಕಡೆಗೆ ನಜಫ್‌ಗಢ ನಾಲೆಯ ಕೊಳಚೆ ನೀರು ಹಿಮ್ಮುಖವಾಗಿ ನುಗ್ಗಿತು. ನೀರು ಸರಬರಾಜಿನವರು ಇದನ್ನು ಗಮನಿಸಿ ಕ್ಲೋರಿನ್ ಹೆಚ್ಚು ಹಾಕಿದರು. ಟೈಫಾಯ್ಡ್ ಹೆಚ್ಚಲಿಲ್ಲ. ಗಂಡಾಂತರ ತಪ್ಪಿತು ಅಂತ ಕಂಡಿತು.

ಕೆಲವು ವಾರ ಕಳೆದವು. 1955ರ ಕೊನೆ, 1956ರ ಆರಂಭದಲ್ಲಿ ಊರಿಗೆ ಊರೇ ಹಳದಿಯಾಗತೊಡಗಿತು. ಸುಮಾರು 29,300 ಜನರಿಗೆ ಕಾಮಾಲೆ ಆಯಿತು ಅಂತ ಲೆಕ್ಕ ಸಿಕ್ಕಿತು. ಕಣ್ಣು ಹಳದಿಯಾಗದೆ ಕಾಯಿಲೆ ಬಿದ್ದವರು ಇದಕ್ಕೆ ಹೊರತು. ಬ್ಯಾಕ್ಟೀರಿಯಾ ಕೊಲ್ಲಲು ಸಾಕಾದ ಕ್ಲೋರಿನ್, ಕೊಳಚೆಯಲ್ಲಿದ್ದ ವೈರಸ್ ಕೊಲ್ಲಲು ಸಾಕಾಗಿರಲಿಲ್ಲ.

ಆಗ ತಿಳಿದಿದ್ದದ್ದು ಎರಡೇ ಬಗೆ. ನೀರು, ಆಹಾರದಿಂದ ಬರುವುದು ಎ. ರಕ್ತದಿಂದ ಬರುವುದು ಬಿ. ಇದು ನೀರಿನಿಂದ ಬಂದದ್ದು, ಆದ್ದರಿಂದ ಎ ಅಂತ ಎಲ್ಲರೂ ಒಪ್ಪಿಕೊಂಡರು. ಆದರೂ ಎರಡು ಸಂಗತಿ ಹೊಂದುತ್ತಿರಲಿಲ್ಲ. ಎ ಸಾಮಾನ್ಯವಾಗಿ ನಮ್ಮಲ್ಲಿ ಚಿಕ್ಕ ಮಕ್ಕಳಿಗೇ ಬಂದು ಹೋಗಿರುತ್ತದೆ. ದೆಹಲಿಯಲ್ಲಿ ಬಿದ್ದವರು ಹೆಚ್ಚಾಗಿ ವಯಸ್ಕರು. ಮತ್ತೊಂದು, ಬಸುರಿಯರಲ್ಲಿ ಕಾಯಿಲೆ ತೀರಾ ಉಲ್ಬಣಿಸಿತ್ತು.

ಈ ಎರಡು ಸಂಗತಿಗೆ ಉತ್ತರ ಸಿಗಲು ಸುಮಾರು 25 ವರ್ಷ ಬೇಕಾಯಿತು.

ಕಾಶ್ಮೀರದ ಹಳ್ಳಿ, ಮಾಸ್ಕೋದ ಮೊಸರು

1978ರ ಚಳಿಗಾಲ. ಕಾಶ್ಮೀರ ಕಣಿವೆಯ ಹಳ್ಳಿಗಳಲ್ಲಿ ಕಾಮಾಲೆ ಹಬ್ಬಿತು. ಸುಮಾರು 200 ಹಳ್ಳಿ. ಶ್ರೀನಗರದ ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಮನೆ ಮನೆಗೆ ಹೋಗಿ ಲೆಕ್ಕ ತೆಗೆದರು. ಅವರ ಅಂದಾಜಿನಂತೆ ಕಾಮಾಲೆಯಾದವರು ಸುಮಾರು 52,000, ಸತ್ತವರು ಸುಮಾರು 1,700. ಹಳ್ಳಿಗಳವರು ಕುಡಿಯಲು ಬಳಸುತ್ತಿದ್ದ ತೊರೆಯ ನೀರು ಕೊಳಕಾಗಿತ್ತು. ಇಲ್ಲೂ ಅದೇ ಚಿತ್ರ: ವಯಸ್ಕರಿಗೆ ಕಾಯಿಲೆ, ತುಂಬು ಬಸುರಿಯರ ಸಾವು.

ಖುರೂ ರಕ್ತ ಪರೀಕ್ಷೆ ಮಾಡಿಸಿದರು. ಎ ಅಲ್ಲ, ಬಿ ಅಲ್ಲ. ಇದು ಬೇರೆಯದೇ ಒಂದು ವೈರಸ್ ಇರಬಹುದು ಅಂತ 1980ರಲ್ಲಿ ಬರೆದರು. ಅದೇ ವರ್ಷ ಪುಣೆ ಮತ್ತು ಅಮೆರಿಕದ ವಿಜ್ಞಾನಿಗಳು ಇನ್ನೊಂದು ಕೆಲಸ ಮಾಡಿದ್ದರು. 1955-56ರ ದೆಹಲಿ ರೋಗಿಗಳ ರಕ್ತದ ಮಾದರಿಗಳನ್ನು ಜೋಪಾನ ಮಾಡಿ ಇಡಲಾಗಿತ್ತು. ಅವುಗಳನ್ನು ಹೊರತೆಗೆದು ಹೊಸ ವಿಧಾನದಲ್ಲಿ ಪರೀಕ್ಷಿಸಿದರು. ದೆಹಲಿಯದ್ದೂ ಎ ಅಲ್ಲ, ಬಿ ಅಲ್ಲ. ಕಾಲು ಶತಮಾನ ಎಲ್ಲರೂ ನಂಬಿದ್ದ ಉತ್ತರ ತಪ್ಪಾಗಿತ್ತು.

ವೈರಸ್ ಕಣ್ಣಿಗೆ ಬಿದ್ದದ್ದು ಇನ್ನೂ ವಿಚಿತ್ರ ರೀತಿಯಲ್ಲಿ. ಅಫ್ಘಾನಿಸ್ತಾನದಲ್ಲಿದ್ದ ಸೋವಿಯತ್ ಸೈನಿಕರಿಗೆ ಇಂಥದೇ ಕಾಮಾಲೆ ಬಂದಿತ್ತು. ಮಾಸ್ಕೋದ ವಿಜ್ಞಾನಿ ಮಿಖಾಯಿಲ್ ಬಾಲಯಾನ್ ಆ ರೋಗಿಗಳ ಮಲದಿಂದ ತಯಾರಿಸಿದ ದ್ರವವನ್ನು ಮೊಸರಿನಲ್ಲಿ ಬೆರೆಸಿ ತಾವೇ ನುಂಗಿದರು ಅಂತ ಹೇಳುತ್ತಾರೆ. ಅವರಿಗೆ ಎ ಮೊದಲೇ ಬಂದು ಹೋಗಿತ್ತು, ಅಂದರೆ ಅದು ಮತ್ತೆ ಬರುವ ಹಾಗಿರಲಿಲ್ಲ. ಕೆಲವು ವಾರಗಳಲ್ಲಿ ಅವರ ಕಣ್ಣು ಹಳದಿಯಾಯಿತು, ಲಿವರ್ ಕಿಣ್ವ ಏರಿತು. ಅವರ ಮಲದಲ್ಲಿ ಹೊಸ ವೈರಸ್ ಕಣಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕಂಡವು. 1983ರಲ್ಲಿ ಇದು ಪ್ರಕಟವಾಯಿತು. ಅದೇ ಇವತ್ತು ನಾವು ಹೆಪಟೈಟಿಸ್ ಇ ಅನ್ನುವ ವೈರಸ್.

ಬಸುರಿ ಹೆಂಗಸಿಗೆ ಕಾಮಾಲೆ ಕಂಡರೆ ಎಲೆಮದ್ದಿಗೆ ಹೋಗದೆ ನೇರ ಆಸ್ಪತ್ರೆಗೆ ಒಯ್ಯಿರಿ ಅಂತ ಆಶಾ ಕಾರ್ಯಕರ್ತೆಯರು ಹೇಳುವುದರ ಹಿಂದೆ ದೆಹಲಿ, ಕಾಶ್ಮೀರದ ಆ ತಾಯಂದಿರ ಸಾವಿದೆ.

ಸೂಜಿಯಲ್ಲಿ ಬಂದದ್ದು

ಹೆಪಟೈಟಿಸ್ ಬಿ ಸಿಕ್ಕಿದ ಕಥೆಯೂ ನೇರ ದಾರಿಯದ್ದಲ್ಲ. ಅಮೆರಿಕದ ಬರೂಚ್ ಬ್ಲುಂಬರ್ಗ್ ಲಿವರ್ ಡಾಕ್ಟರೇ ಅಲ್ಲ. ಬೇರೆ ಬೇರೆ ದೇಶದ ಜನರ ರಕ್ತದಲ್ಲಿ ಏನೇನು ವ್ಯತ್ಯಾಸ ಅಂತ ನೋಡುತ್ತಿದ್ದವರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಒಂದು ಹೊಸ ಪ್ರೋಟೀನ್ ಸಿಕ್ಕಿತು. ಅದಕ್ಕೆ ಆಸ್ಟ್ರೇಲಿಯಾ ಆಂಟಿಜನ್ ಅಂತ ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಅದು ಏನು ಅಂತ ಆಗ ಗೊತ್ತಿರಲಿಲ್ಲ.

ಸುಳಿವು ಕೊಟ್ಟದ್ದು ಲಿವರ್ ಟೆಸ್ಟು. ಅವರು ಗಮನಿಸುತ್ತಿದ್ದ ಡೌನ್ ಸಿಂಡ್ರೋಮ್ ಇದ್ದ ರೋಗಿಯೊಬ್ಬರ ರಕ್ತದಲ್ಲಿ ಮೊದಲು ಈ ಪ್ರೋಟೀನ್ ಇರಲಿಲ್ಲ. ಆಮೇಲೆ ಕಾಣಿಸಿತು. ಅದೇ ಸಮಯಕ್ಕೆ ಅವರ ಲಿವರ್ ಕಿಣ್ವವೂ ಏರಿತ್ತು. ಮುಂದೆ ಬ್ಲುಂಬರ್ಗ್ ಅವರ ಲ್ಯಾಬಿನಲ್ಲೇ ಕೆಲಸ ಮಾಡುತ್ತಿದ್ದ ತಂತ್ರಜ್ಞೆಯೊಬ್ಬರಿಗೆ ಮೈ ಸರಿಯಿಲ್ಲ ಅನ್ನಿಸಿ ತಮ್ಮ ರಕ್ತವನ್ನೇ ಪರೀಕ್ಷೆ ಮಾಡಿಕೊಂಡರು. ಅಲ್ಲೂ ಆ ಪ್ರೋಟೀನ್. ಅವರಿಗೆ ಬಂದಿದ್ದು ಹೆಪಟೈಟಿಸ್. ಆಸ್ಟ್ರೇಲಿಯಾ ಆಂಟಿಜನ್ ಅಂದರೆ ಹೆಪಟೈಟಿಸ್ ಬಿ ವೈರಸ್ಸಿನ ಹೊರ ಪದರ. ಬ್ಲುಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಇವತ್ತು ಆಪರೇಷನ್ನಿಗೆ ಮುಂಚೆ, ರಕ್ತ ಕೊಡುವಾಗ, ಬಸುರಿಯರ ತಪಾಸಣೆಯಲ್ಲಿ ಮಾಡುವ ಎಚ್‌ಬಿಎಸ್‌ಎಜಿ ಟೆಸ್ಟ್ ಹುಡುಕುವುದು ಅದೇ ಪ್ರೋಟೀನನ್ನು.

ಹೆಪಟೈಟಿಸ್ ಸಿ ಸಿಕ್ಕಿದ್ದು ಇನ್ನೂ ತಡವಾಗಿ, 1989ರಲ್ಲಿ. ಅದಕ್ಕೆ 2020ರಲ್ಲಿ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ ನೊಬೆಲ್ ಬಂತು. ಈಗ ಸಿಗೆ ಗುಣಪಡಿಸುವ ಮಾತ್ರೆಗಳಿವೆ. ಬಿ ಬಾರದಂತೆ ತಡೆಯುವ ಲಸಿಕೆ ಮಗು ಹುಟ್ಟಿದಾಗಲೇ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ.

ಇಷ್ಟು ಗೊತ್ತಾದ ಮೇಲೂ ತಪ್ಪು ನಿಂತಿಲ್ಲ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಒಮ್ಮೆ ಬಳಸಿದ ಸೂಜಿ, ಸಿರಿಂಜ್ ಮತ್ತೆ ಬಳಸಿದ್ದೇ ಕಾರಣ ಅಂತ ತನಿಖೆ ಬೊಟ್ಟು ಮಾಡಿತು. ಇಂಜೆಕ್ಷನ್ ಹಾಕಿದರೇ ಡಾಕ್ಟರು ಅನ್ನುವ ನಮ್ಮ ಹಳ್ಳಿಗಳಲ್ಲಿ ಈ ಮಾತು ಗಟ್ಟಿಯಾಗಿ ಹೇಳಬೇಕು. ಸಿರಿಂಜ್ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಲಿ ಅಂತ ಕೇಳುವುದು ನಿಮ್ಮ ಹಕ್ಕು.

ನಾಯಿ ಮೊದಲು ಸತ್ತವು

ಈಗ ರೈತರಿಗೆ ನೇರ ಸಂಬಂಧಿಸಿದ ಕಥೆ.

1974ರ ಕೊನೆಯ ತಿಂಗಳುಗಳು. ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ, ಹೊಟ್ಟೆಯಲ್ಲಿ ನೀರು. ವರದಿಯಾದ 397 ರೋಗಿಗಳಲ್ಲಿ 106 ಜನ ಸತ್ತರು. ಕಾಮಾಲೆ ಅಂದಮೇಲೆ ವೈರಸ್ ಅಂತಲೇ ಯಾರಾದರೂ ಅಂದುಕೊಳ್ಳಬೇಕು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ಕೃಷ್ಣಮಾಚಾರಿ, ರಮೇಶ್ ಭಟ್ ಮತ್ತವರ ತಂಡ ಹಳ್ಳಿಗಳಿಗೆ ಹೋಯಿತು. ಹೊಂದದ ಸಂಗತಿಗಳು ಅಲ್ಲೂ ಇದ್ದವು. ಜನರಿಗಿಂತ ಮೊದಲು ಊರ ನಾಯಿಗಳು ಇದೇ ರೀತಿ ಕಾಯಿಲೆ ಬಿದ್ದಿದ್ದವು. ಮನುಷ್ಯರ ಕಾಮಾಲೆ ವೈರಸ್ ನಾಯಿಗೆ ಹಾಗೆ ಬರುವುದಿಲ್ಲ. ಮತ್ತೆ, ಕಾಯಿಲೆ ಬಿದ್ದವರೆಲ್ಲ ಕಡುಬಡವರು. ಅವರಿಗೂ ನಾಯಿಗಳಿಗೂ ಸಾಮಾನ್ಯವಾಗಿದ್ದದ್ದು ಊಟ. ಆ ಊಟ ಮೆಕ್ಕೆಜೋಳ.

ಆ ವರ್ಷ ಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಬಿದ್ದಿತ್ತು. ತೆನೆ ಒದ್ದೆಯಾಗಿ ಬೂಸ್ಟು ಹಿಡಿದಿತ್ತು. ಉಳ್ಳವರು ಅದನ್ನು ಬಿಸಾಡಬಹುದು. ಬೇರೆ ಕಾಳು ಕೊಳ್ಳಲು ದುಡ್ಡಿಲ್ಲದವರು ಅದನ್ನೇ ಬೀಸಿ ರೊಟ್ಟಿ ಮಾಡಿ ತಿಂದರು. ಆ ಜೋಳದಲ್ಲಿ ಕೆಜಿಗೆ 6.25ರಿಂದ 15.6 ಮಿಲಿಗ್ರಾಂ ಅಫ್ಲಟಾಕ್ಸಿನ್ ಸಿಕ್ಕಿತು. ಈಗ ನಮ್ಮ ದೇಶದಲ್ಲಿ ಧಾನ್ಯಕ್ಕೆ ಇರುವ ಮಿತಿ ಕೆಜಿಗೆ 15 ಮೈಕ್ರೋಗ್ರಾಂ. ಅಂದರೆ ಅವರು ತಿಂದದ್ದು ಮಿತಿಗಿಂತ 400 ಪಟ್ಟಿಗೂ ಹೆಚ್ಚು ವಿಷ. 1975ರಲ್ಲಿ ಈ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಅಫ್ಲಟಾಕ್ಸಿನ್ ಅಂದರೆ ಒಂದು ಜಾತಿಯ ಬೂಸ್ಟು ಉಗುಳುವ ವಿಷ. ಅದು ಮೊದಲು ಪತ್ತೆಯಾದದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ. ಅವುಗಳಿಗೆ ಹಾಕಿದ್ದ ಬೂಸ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಅದಿತ್ತು. ಅಡುಗೆಯ ಬಿಸಿಗೆ ಈ ವಿಷ ಪೂರ್ತಿ ಹೋಗುವುದಿಲ್ಲ. ಬೂಸ್ಟು ಒರೆಸಿ, ಬಿಸಿಲಿಗೆ ಹಾಕಿ ಬಳಸಿದರೂ ಒಳಗಿನ ವಿಷ ಉಳಿಯುತ್ತದೆ. ಬಹುಕಾಲ ಸ್ವಲ್ಪ ಸ್ವಲ್ಪವೇ ಹೊಟ್ಟೆಗೆ ಹೋದರೆ ಲಿವರ್ ಕ್ಯಾನ್ಸರಿಗೂ ದಾರಿ. ಹಸುವಿಗೆ ಹಾಕಿದರೆ ಹಾಲಿನಲ್ಲಿ ಅದರ ಇನ್ನೊಂದು ರೂಪ ಬರುತ್ತದೆ.

ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ, ಚಿತ್ರದುರ್ಗ, ಪಾವಗಡ ಕಡೆ ಶೇಂಗಾ ಬೆಳೆಯುವ ನಮಗೆ ಇದು ದೂರದ ಕಥೆಯಲ್ಲ. ಕೊಯ್ಲಿನ ಸಮಯಕ್ಕೆ ಮಳೆ ಬಂದು ರಸ್ತೆ ಮೇಲೆ ಹರಡಿದ ಕಾಳು ನೆನೆಯುವುದನ್ನು ನಾವೂ ನೋಡಿದ್ದೇವೆ. ಹಾಗೆ ಕೆಟ್ಟ ಕಾಳನ್ನು "ದನಕ್ಕಾದರೂ ಆಗಲಿ" ಅನ್ನುವ ಮುಂಚೆ ಪಂಚಮಹಲ್ ನೆನಪಾಗಲಿ.

ಇದೇ ದಶಕದಲ್ಲಿ ಆಗ ಮಧ್ಯಪ್ರದೇಶದಲ್ಲಿದ್ದ, ಈಗ ಛತ್ತೀಸಗಢದಲ್ಲಿರುವ ಸರ್‌ಗುಜಾ ಜಿಲ್ಲೆಯಲ್ಲೂ ಜನರ ಹೊಟ್ಟೆಯಲ್ಲಿ ನೀರು ತುಂಬತೊಡಗಿತ್ತು. 67 ಜನ ಕಾಯಿಲೆ ಬಿದ್ದರು, 28 ಜನ ಸತ್ತರು. ದೆಹಲಿಯ ವೈದ್ಯ ಬಿ.ಎನ್. ಟಂಡನ್ ಮತ್ತು ತಂಡ ಹುಡುಕಿದಾಗ ಸಿಕ್ಕಿದ್ದು ಅವರು ತಿನ್ನುತ್ತಿದ್ದ ಗೋಂದ್ಲಿ ಅಕ್ಕಿ. ನಮ್ಮ ಸಾವೆಯದ್ದೇ ಜಾತಿ. ಸಾವೆಯ ತಪ್ಪೇನಿರಲಿಲ್ಲ. ಹೊಲದಲ್ಲಿ ಬೆಳೆದ ಸೆಣಬಿನ ಕುಲದ ಒಂದು ಕಳೆಯ ಬೀಜ ಕಾಳಿನ ಜೊತೆ ಬೆರೆತಿತ್ತು. ಆ ಬೀಜದ ವಿಷ ಲಿವರ್ ಒಳಗಿನ ಸಣ್ಣ ರಕ್ತನಾಳಗಳನ್ನೇ ಮುಚ್ಚಿಬಿಡುತ್ತದೆ. ಕಾಳನ್ನು ಹಸನು ಮಾಡುವುದು, ಮೊರದಲ್ಲಿ ಕೇರುವುದು ಬರೀ ಅಚ್ಚುಕಟ್ಟಿನ ಕೆಲಸವಲ್ಲ, ಜೀವ ಉಳಿಸುವ ಕೆಲಸ.

ಕಲಾಯಿ ಇಲ್ಲದ ಪಾತ್ರೆ

ನಮ್ಮ ಅಜ್ಜಿಯರ ಕಾಲದ ಒಂದು ಭಯಂಕರ ಕಾಯಿಲೆ ಈಗಿನವರಿಗೆ ಗೊತ್ತೇ ಇಲ್ಲ. ಒಂದು, ಎರಡು, ಮೂರು ವರ್ಷದ ಮಕ್ಕಳ ಹೊಟ್ಟೆ ಉಬ್ಬುತ್ತಿತ್ತು. ಲಿವರ್ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಕಾಮಾಲೆ ಕಾಣಿಸಿದ ಮೇಲೆ ಮಗು ಉಳಿಯುವುದು ಅಪರೂಪ. ಒಂದೇ ಮನೆಯಲ್ಲಿ ಒಂದಾದ ಮೇಲೊಂದು ಮಗು ಹೋದದ್ದೂ ಇದೆ. ಹಿರಿಯರಿಗೆ ಮದ್ರಾಸಿನ ಜಮ್ಮಿ ಲಿವರ್ ಕ್ಯೂರ್ ಅನ್ನುವ ಹೆಸರು ನೆನಪಿರಬಹುದು. ಅಷ್ಟು ಮನೆಮಾತಾಗಿತ್ತು ಈ ಕಾಯಿಲೆ. ವೈದ್ಯರು ಇಟ್ಟ ಹೆಸರು ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್. 1887ರಲ್ಲೇ ಕಲ್ಕತ್ತೆಯಿಂದ ಇದರ ವರದಿ ಬಂದಿತ್ತು.

ಸುಮಾರು 90 ವರ್ಷ ಕಾರಣ ಸಿಗಲಿಲ್ಲ. ವಂಶದ ದೋಷ ಅಂದರು. ತಾಯಿಯ ಹಾಲಿನ ದೋಷ ಅಂದವರೂ ಇದ್ದರು. ಮಗು ಕಳೆದುಕೊಂಡ ತಾಯಿಯೇ ಅಪರಾಧಿಯಾದಳು.

1970ರ ದಶಕದ ಕೊನೆಯಲ್ಲಿ ಈ ಮಕ್ಕಳ ಲಿವರ್ ತುಣುಕಿಗೆ ವಿಶೇಷ ಬಣ್ಣ ಹಾಕಿ ನೋಡಿದಾಗ ವಿಪರೀತ ತಾಮ್ರ ಕಂಡಿತು. ತಾಮ್ರ ಎಲ್ಲಿಂದ ಬಂತು? ಪುಣೆಯ ಕೆಇಎಂ ಆಸ್ಪತ್ರೆಯ ಮಕ್ಕಳ ವೈದ್ಯರಾದ ಆನಂದ ಪಂಡಿತ್, ಶೀಲಾ ಭಾವೆ ಮತ್ತು ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ ಕಾಯಿಲೆಯಾದ ಮಕ್ಕಳ ಅಡುಗೆ ಮನೆಯ ಕಡೆ ನೋಡಿದರು. ಆ ಮನೆಗಳಲ್ಲಿ ಮಗುವಿಗೆ ತೀರಾ ಬೇಗ ಹಸುವಿನ ಅಥವಾ ಎಮ್ಮೆಯ ಹಾಲು ಶುರು ಮಾಡಿದ್ದರು. ಆ ಹಾಲನ್ನು ಕಾಯಿಸಿ ಇಡುತ್ತಿದ್ದದ್ದು ಹಿತ್ತಾಳೆ ಪಾತ್ರೆಯಲ್ಲಿ. ಹಿತ್ತಾಳೆಯಲ್ಲಿ ತಾಮ್ರವಿದೆ. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹಾಲಿನ ಪ್ರೋಟೀನು ಆ ತಾಮ್ರವನ್ನು ಹೀರಿಕೊಳ್ಳುತ್ತದೆ. 1983ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಹುಣಸೆಹುಳಿ, ಮಜ್ಜಿಗೆಯನ್ನು ಕಲಾಯಿ ಇಲ್ಲದ ಪಾತ್ರೆಯಲ್ಲಿ ಇಡಬಾರದು ಅಂತ ನಮ್ಮ ಹೆಂಗಸರಿಗೆ ಗೊತ್ತಿತ್ತು. ರುಚಿ ಕೆಡುತ್ತದೆ, ಕಿಲುಬು ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಹಾಲಿನಲ್ಲಿ ಹಾಗೆ ಕಾಣಲಿಲ್ಲ. ಅದಕ್ಕೇ ಅನುಮಾನವೂ ಬರಲಿಲ್ಲ. ಆಸ್ಟ್ರಿಯಾ ದೇಶದ ಟೈರೋಲ್ ಎಂಬ ಬೆಟ್ಟದ ಸೀಮೆಯಲ್ಲೂ 1900ರಿಂದ 1974ರ ನಡುವೆ 138 ಹಸುಗೂಸುಗಳು ಇಂಥದೇ ಕಾಯಿಲೆಯಿಂದ ಸತ್ತದ್ದು ಆಮೇಲೆ ಬೆಳಕಿಗೆ ಬಂತು. ಅಲ್ಲಿ ತಾಮ್ರದ ಪಾತ್ರೆಯಲ್ಲಿ ಹಸುವಿನ ಹಾಲು ಕಾಯಿಸುತ್ತಿದ್ದರು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ತಾಮ್ರ ತಡೆದುಕೊಳ್ಳುವ ಶಕ್ತಿ ಕಡಿಮೆ ಇದ್ದಿರಬಹುದು ಅಂತಲೂ ವಿಜ್ಞಾನಿಗಳು ಹೇಳುತ್ತಾರೆ.

ಸ್ಟೀಲ್ ಪಾತ್ರೆ ಮನೆ ಮನೆಗೆ ಬಂತು. ತಾಯಿಯ ಹಾಲೇ ಸಾಕು ಅನ್ನುವ ಮಾತು ಹಳ್ಳಿಗೂ ಮುಟ್ಟಿತು. ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಯಾವ ತಾಯಿಯ ತಪ್ಪೂ ಅಲ್ಲದ್ದಕ್ಕೆ ಎಷ್ಟು ತಾಯಂದಿರು ಬೈಗುಳ ತಿಂದರೋ, ಅದಕ್ಕೆ ಲೆಕ್ಕವಿಲ್ಲ.

"ನಾನು ಕುಡಿಯಲ್ಲ ಸ್ವಾಮಿ"

ಕೊನೆಯದು ಇವತ್ತು ಅತಿ ಹೆಚ್ಚು ಕಾಣುವ ಕಾರಣ.

1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಯೂರ್ಗನ್ ಲುಡ್‌ವಿಗ್ ಮತ್ತು ಜೊತೆಗಾರರು 20 ರೋಗಿಗಳ ಬಗ್ಗೆ ಬರೆದರು. ಅವರ ಲಿವರ್ ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಥೇಟ್ ಕುಡುಕರ ಲಿವರ್. ಕೊಬ್ಬು ತುಂಬಿದೆ, ಊತ ಇದೆ. ಆದರೆ ಅವರು ಕುಡಿಯುವವರಲ್ಲ. ಹೆಚ್ಚಿನವರಿಗೆ ತೂಕ ಜಾಸ್ತಿ, ಬಹಳ ಜನರಿಗೆ ಸಕ್ಕರೆ ಕಾಯಿಲೆಯಂಥ ತೊಂದರೆ. ಹೆಂಗಸರೇ ಹೆಚ್ಚು. ಕುಡಿಯದವರಿಗೂ ಕುಡಿದವರಂಥ ಲಿವರ್ ಕಾಯಿಲೆ ಬರುತ್ತದೆ ಅಂತ ಲುಡ್‌ವಿಗ್ ಅದಕ್ಕೆ ಹೊಸ ಹೆಸರನ್ನೇ ಕೊಟ್ಟರು.

ಅದೇ ಇವತ್ತಿನ ಫ್ಯಾಟಿ ಲಿವರ್. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ರಕ್ತದ ಕೊಬ್ಬಿನ ಜೊತೆ ಬರುವುದು. ಹಳ್ಳಿಯಲ್ಲೂ ಬೈಕ್ ಬಂದಿದೆ, ಟ್ರ್ಯಾಕ್ಟರ್ ಬಂದಿದೆ, ಬೇಕರಿ ಬಂದಿದೆ. ಮೈ ಬಗ್ಗಿಸುವ ಕೆಲಸ ಕಡಿಮೆಯಾಗಿದೆ, ಊಟ ಮಾತ್ರ ಹಳೆಯ ಅಳತೆಯದ್ದೇ. 2021ರಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರ್ ಅನ್ನು ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. 2023ರಲ್ಲಿ ಜಗತ್ತಿನ ಲಿವರ್ ವೈದ್ಯರು ಸೇರಿ ಕಾಯಿಲೆಯ ಹೆಸರಿನಿಂದ ಆಲ್ಕೋಹಾಲ್ ಅನ್ನುವ ಪದವನ್ನೇ ತೆಗೆದರು. ರೋಗಿಗೆ ಕಳಂಕ ತಟ್ಟಬಾರದು ಅನ್ನುವುದೂ ಅದಕ್ಕೆ ಒಂದು ಕಾರಣ.

ಹಾಗಂತ ಕುಡಿತದಿಂದ ಲಿವರ್ ಹಾಳಾಗುವುದಿಲ್ಲ ಅಂತ ಯಾರೂ ತಿಳಿಯಬೇಡಿ. ಅದು ನಮ್ಮ ಕಣ್ಣೆದುರೇ ಎಷ್ಟೋ ಸಂಸಾರ ನುಂಗಿದೆ. ಹೇಳುತ್ತಿರುವುದು ಇಷ್ಟೇ: ಕುಡಿತ ಕಾರಣಗಳಲ್ಲಿ ಒಂದು, ಅದೊಂದೇ ಅಲ್ಲ. ಕುಡುಕನಿಗೂ ಹೆಪಟೈಟಿಸ್ ಬಿ ಇರಬಹುದು. ಕುಡಿತ ಅಂತ ಷರಾ ಬರೆದು ಕೈ ತೊಳೆದುಕೊಂಡರೆ ಅದು ಪತ್ತೆಯೇ ಆಗುವುದಿಲ್ಲ.

ಮದ್ದೇ ಕಾರಣವಾಗುವುದೂ ಉಂಟು. ಕ್ಷಯದ ಕೆಲವು ಮಾತ್ರೆಗಳು, ಅಳತೆ ಮೀರಿ ನುಂಗಿದ ಪ್ಯಾರಾಸಿಟಮಾಲ್ ಲಿವರ್‌ಗೆ ಹೊಡೆತ ಕೊಡಬಹುದು. ಗಿಡಮೂಲಿಕೆ ಅಂದ ಕೂಡಲೇ ಅಪಾಯವಿಲ್ಲ ಅನ್ನುವಂತಿಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಬಹಳ ಜನ ಕುಡಿದರು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸಿದ 6 ಜನರಿಗೆ ಲಿವರ್ ಊತ ಬಂದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಗಿಡದ ಗುರುತಿನಲ್ಲಿ ಗೊಂದಲವಾಗಿರಬಹುದು ಅಂದಿತು. ವಾದ ಏನೇ ಇರಲಿ, ಏನು ಕುಡಿದಿರಿ ಅನ್ನುವುದನ್ನು ಡಾಕ್ಟರಿಂದ ಮುಚ್ಚಿಡಬಾರದು ಅನ್ನುವುದರಲ್ಲಿ ಎರಡು ಮಾತಿಲ್ಲ.

ಡಾಕ್ಟರು ಅಷ್ಟೊಂದು ಯಾಕೆ ಕೇಳುತ್ತಾರೆ

ಲಿವರ್ ಟೆಸ್ಟ್ ಏರಿದಾಗ ಒಳ್ಳೆಯ ಡಾಕ್ಟರು ಸಾಲು ಸಾಲು ಪ್ರಶ್ನೆ ಕೇಳುತ್ತಾರೆ. ಕೆಲವರಿಗೆ ಅದು ಪೊಲೀಸ್ ವಿಚಾರಣೆ ಅನ್ನಿಸಿ ಸಿಟ್ಟು ಬರುತ್ತದೆ. ಈಗ ಆ ಪ್ರಶ್ನೆಗಳನ್ನು ಮತ್ತೆ ನೋಡಿ.

ನೀರು ಎಲ್ಲಿಯದು ಕುಡಿತೀರಿ? ಅದು ದೆಹಲಿ, ಕಾಶ್ಮೀರದ ಪ್ರಶ್ನೆ. ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದೀರಾ, ಎಲ್ಲಿ ಇಂಜೆಕ್ಷನ್ ಮಾಡಿಸಿದಿರಿ? ಅದು ಮೊಡಾಸಾ ಪ್ರಶ್ನೆ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿದೆಯಾ, ಏನು ಊಟ ಮಾಡಿದಿರಿ? ಅದು ಪಂಚಮಹಲ್ ಪ್ರಶ್ನೆ. ಏನು ಮಾತ್ರೆ, ಏನು ಕಷಾಯ? ಸಕ್ಕರೆ ಕಾಯಿಲೆ ಇದೆಯಾ, ತೂಕ ಎಷ್ಟು? ಅದು ಲುಡ್‌ವಿಗ್ ಪ್ರಶ್ನೆ. ಕುಡಿತೀರಾ, ಎಷ್ಟು? ಅದೂ ಒಂದು ಪ್ರಶ್ನೆ, ಬಾಕಿಯವುಗಳ ಸಾಲಿನಲ್ಲಿ. ಒಂದೊಂದು ಪ್ರಶ್ನೆಯ ಹಿಂದೆಯೂ ಜೀವ ಕೊಟ್ಟ ಜನ ಇದ್ದಾರೆ. ನಿಜ ಹೇಳಿಬಿಡಿ.

ಆಮೇಲೆ ಎಚ್‌ಬಿಎಸ್‌ಎಜಿ, ಹೆಪಟೈಟಿಸ್ ಸಿ ಟೆಸ್ಟ್, ಸಕ್ಕರೆ, ಹೊಟ್ಟೆಯ ಸ್ಕ್ಯಾನಿಂಗ್ ಬರೆಯಬಹುದು. ಸ್ವಲ್ಪವೇ ಏರಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ ಅನ್ನಬಹುದು. ಆ ಎರಡನೇ ಟೆಸ್ಟ್ ತಪ್ಪಿಸಬೇಡಿ. ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದು ಒಂದು ಚೀಟಿಯಲ್ಲಿ ಗೊತ್ತಾಗುವುದಿಲ್ಲ. ಕ್ಷಯದ ಮಾತ್ರೆ ತೆಗೆದುಕೊಳ್ಳುವವರಿಗೆ ವಾಂತಿ, ಕಾಮಾಲೆ ಕಂಡರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮಾತ್ರೆ ನಿಲ್ಲಿಸಬೇಕೋ ಬದಲಿಸಬೇಕೋ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಕಾಮಾಲೆಯ ಜೊತೆ ಮಂಪರು, ತಪ್ಪು ತಪ್ಪು ಮಾತು, ರಕ್ತವಾಂತಿ ಇದ್ದರೆ, ಅಥವಾ ರೋಗಿ ಬಸುರಿಯಾಗಿದ್ದರೆ 108ಕ್ಕೆ ಫೋನ್ ಮಾಡಿ. ಅಲ್ಲಿ ಗಂಟೆಗಳ ಲೆಕ್ಕ.

ಇಷ್ಟೂ ಕಥೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬಂತು, ಗಮನಿಸಿರಬಹುದು. ಮೊದಲು ಹೊಳೆದ ಉತ್ತರವೇ ತಪ್ಪಾಗಿತ್ತು. ದೆಹಲಿಯಲ್ಲಿ ಎ ಅಂದರು, ಇ ಆಗಿತ್ತು. ತಾಯಿಯ ದೋಷ ಅಂದರು, ಪಾತ್ರೆಯದಾಗಿತ್ತು. ಕುಡಿತ ಅಂದರು, ಕೊಬ್ಬಾಗಿತ್ತು. ಸರಿ ಉತ್ತರ ಸಿಕ್ಕಿದ್ದು ಹೊಂದದ ಸಂಗತಿಯನ್ನು ಬದಿಗೆ ತಳ್ಳದೆ ಹಿಂದೆ ಬಿದ್ದವರಿಗೆ. ಮನೆ ಮನೆಗೆ ನಡೆದವರಿಗೆ, ಸತ್ತ ನಾಯಿಯ ಬಗ್ಗೆ ಕೇಳಿದವರಿಗೆ, ಅಡುಗೆ ಮನೆಯ ಪಾತ್ರೆ ನೋಡಿದವರಿಗೆ.

ವಿಜ್ಞಾನಿಗಳೇ ಇಷ್ಟು ವರ್ಷ ತೆಗೆದುಕೊಂಡ ಪ್ರಶ್ನೆಗೆ ಓಣಿಯ ಕಟ್ಟೆ ಮೇಲೆ ಅರ್ಧ ನಿಮಿಷದಲ್ಲಿ ಉತ್ತರ ಹೇಳುವುದು ಬೇಡ. ಪಕ್ಕದ ಮನೆಯವರ ಎಸ್‌ಜಿಪಿಟಿ ಏರಿದೆ ಅಂತ ಕಿವಿಗೆ ಬಿದ್ದರೆ, ಕುಡಿತಾನಾ ಅಂತ ಕೇಳುವ ಬದಲು ದೊಡ್ಡಾಸ್ಪತ್ರೆಗೆ ಹೋಗಲು ಜೊತೆಗೆ ಬರಲಾ ಅಂತ ಕೇಳೋಣ.